ಅಂಕಿತದಲ್ಲಿ ಇಲ್ಲದ ಹೆಸರು: ಬೀದರ ಸೀಮೆಯ ಹಾಡುಗಾರರು

ತತ್ವಪದ ಮುಗಿಯುವುದು ಒಂದು ಹೆಸರಿನಿಂದ. ಶರೀಫರ ಪದವಾದರೆ ಶಿಶುನಾಳಾಧೀಶ ಬರುತ್ತಾನೆ. ಹುಮನಾಬಾದಿನ ಮಾಣಿಕಪ್ರಭುಗಳದಾದರೆ ಮಾಣಿಕನೆಂಬ ಮುದ್ರಿಕೆ ಬರುತ್ತದೆ. ಆ ಹೆಸರು ಬರುವ ಹೊತ್ತಿಗೆ ದಮ್ಮಡಿ ಜೋರಾಗುತ್ತದೆ, ಕೂತವರು ತಲೆದೂಗುತ್ತಾರೆ. ಪದ ಕಟ್ಟಿದವರು, ಅವರ ಗುರು, ಅವರ ದೈವ ಎಲ್ಲರೂ ಆ ಕೊನೆಯ ನುಡಿಯಲ್ಲಿ ಭದ್ರ. ಅದನ್ನೇ ತಲೆಮಾರುಗಟ್ಟಲೆ ರಾತ್ರಿಯಿಡೀ ಹೇಳುತ್ತ ಬಂದವನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಬೀದರ, ಭಾಲ್ಕಿ, ಔರಾದ ಕಡೆಯ ಹಳ್ಳಿ ಹಾಡುಗಾರಿಕೆ ನಡೆದುಬಂದ ದಾರಿಯನ್ನು ನೋಡಲು ಹೊರಟರೆ ನನಗೆ ಕೇಳಬೇಕೆನಿಸುವುದು ಇದೇ: ಹಾಡಿದವರಿಗೆ ಹೆಸರು ಯಾವಾಗ ಬಂತು, ಯಾರಿಂದ ಬಂತು, ಯಾರಿಗೆ ಬರಲೇ ಇಲ್ಲ?

ಬೀದರ ತಾಲ್ಲೂಕಿನ ಹೋಬಳಿ ಊರು ಬಗದಲ್. ಇಂಥ ಯಾವ ಊರಿಗೆ ಹೋದರೂ ಹಾಡಿಗೆ ಹಲವು ಒಡೆಯರು. ಅಮಾವಾಸ್ಯೆಗೆ ಗುಡಿಯಲ್ಲಿ ಕೂರುವ ಭಜನಿ ಮಂಡಳಿ ಒಂದು ಕಡೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹೇಳುವ ಮೇಳ ಇನ್ನೊಂದು ಕಡೆ. ಈ ಎರಡರಲ್ಲೂ ಅದೇ ಮುಖಗಳನ್ನು ಕಂಡರೆ ಇಲ್ಲಿಯವರು ಬೆರಗಾಗುವುದಿಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಬರುವ ವಾಘ್ಯಾ–ಮುರುಳಿಯರ ಹಾಡು, ತುಳಜಾಪುರದ ಅಂಬಾಭವಾನಿಯ ಹೆಸರಲ್ಲಿ ಸಂಬಳ ಬಾರಿಸುವ ಗೊಂದಲಿಗರ ಕಥೆ, ಔರಾದಿನ ತಾಂಡಾಗಳ ಲಂಬಾಣಿ ಹಾಡು, ಪಂಢರಪುರದ ದಿಂಡಿಯೊಂದಿಗೆ ಸಾಗುವ ಅಭಂಗ ಇವೆಲ್ಲ ಒಂದೇ ಸೀಮೆಯೊಳಗೆ ಕೇಳಬರುತ್ತವೆ. ಭಾಷೆ ಯಾವುದೆಂದು ಕೇಳಿದರೆ ಹಾಡುವವರಿಗೇ ಗಲಿಬಿಲಿ. ಕನ್ನಡದ ಪಲ್ಲವಿಗೆ ಮರಾಠಿ ಧಾಟಿ ಇರುತ್ತದೆ, ನಡುವೆ ದಖನಿ ಉರ್ದುವಿನ ನಾಲ್ಕು ಮಾತು ಬಂದು ಕೂರುತ್ತವೆ.

ಈ ಬೆರಕೆ ಇವತ್ತಿನದಲ್ಲ. ಬೀದರನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ 1436ರಲ್ಲಿ ತೀರಿಕೊಂಡ. ಅಷ್ಟೂರಿನಲ್ಲಿರುವ ಅವನ ಗೋರಿಯ ಉರುಸಿಗೆ ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಉರುಸಿನ ದಿನವನ್ನು ನಿರ್ಧರಿಸುವುದು ಹಿಂದೂ ಪಂಚಾಂಗ. ಮುಸ್ಲಿಮರಿಗೆ ಅವನು ವಲಿ, ಬರುವ ಭಕ್ತರಲ್ಲಿ ಹಲವರಿಗೆ ಅಲ್ಲಮಪ್ರಭು. ಸುಲ್ತಾನನೇ ಅಲ್ಲಮನಾಗುವ ಊರಿನಲ್ಲಿ ಹಾಡುಗಾರನ ಜಾತಿ, ಮತ, ಹೆಸರು ಹಿಂದೆ ಸರಿದದ್ದು ಸಹಜ.

19ನೆಯ ಶತಮಾನ ಈ ಸೀಮೆಯ ಹಾಡಿಗೆ ದೊಡ್ಡ ಸುಗ್ಗಿ. ಕಲಬುರಗಿ ಕಡೆ ಕಡಕೋಳದ ಮಡಿವಾಳಪ್ಪನವರೂ ಅವರ ಪರಂಪರೆಯ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ಕಡ್ಲೇವಾಡದ ಸಿದ್ದಪ್ಪ, ತೆಲಗಬಾಳ ರೇವಪ್ಪ, ರಾಂಪುರದ ಬಕ್ಕಪ್ಪ ಮೊದಲಾದವರೂ ತತ್ವಪದದ ಒಂದು ದಂಡನ್ನೇ ಕಟ್ಟಿದರು. ಆ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿದರೆ ಸಾಕು, ಎಷ್ಟು ಬಗೆಯ ಮನೆಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಕೂತರೆಂದು ತಿಳಿಯುತ್ತದೆ. ಇತ್ತ 1817ರಲ್ಲಿ ಬಸವಕಲ್ಯಾಣದ ಹತ್ತಿರ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಮಾಣಿಕನಗರದಲ್ಲಿ ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿ 1865ರಲ್ಲಿ ಸಮಾಧಿಯಾದರು. ಅವರ ಪದಗಳು ಮರಾಠಿ, ಕನ್ನಡ, ಹಿಂದಿ, ಉರ್ದು ಹೀಗೆ ಹಲವು ಭಾಷೆಗಳಲ್ಲಿವೆ. ದತ್ತಜಯಂತಿಯ ಹೊತ್ತಿಗೆ ಅಲ್ಲಿ ನಡೆಯುವ ಸಂಗೀತ ದರ್ಬಾರಿಗೆ ಹಿಂದೂಸ್ತಾನಿ ಗವಾಯಿಗಳು ಬಂದು ಸೇವೆ ಸಲ್ಲಿಸುವ ರೂಢಿ ಬೆಳೆಯಿತು. ಹಳ್ಳಿಯ ಭಜನೆಯವರು ಪೇಟಿ–ತಬಲಾ ಹಿಡಿದು ರಾಗದ ನೆರಳಲ್ಲಿ ಪದ ಹೇಳುವುದಕ್ಕೆ ಇಂಥ ಮಠ–ಸಂಸ್ಥಾನಗಳ ಸಹವಾಸವೂ ಒಂದು ಕಾರಣವೆಂದು ನನ್ನ ಅಂದಾಜು. ಭಾಲ್ಕಿ ತಾಲ್ಲೂಕಿನ ಚಳಕಾಪುರದಲ್ಲಿ 1836ರಲ್ಲಿ ಹುಟ್ಟಿದ ಸಿದ್ಧಾರೂಢರು ಹುಬ್ಬಳ್ಳಿ ಸೇರಿದರು. ಅವರ ಮಠದ ಭಜನೆ ಅಲ್ಲಿಂದ ಉತ್ತರ ಕರ್ನಾಟಕವನ್ನೆಲ್ಲ ಸುತ್ತಿ ಮತ್ತೆ ಈ ಕಡೆಯ ಊರುಗಳಿಗೆ ಬಂತು.

ಆಗಿನ ಹಾಡುಗಾರನ ಬದುಕನ್ನು ಇವತ್ತಿನ ಅರ್ಥದಲ್ಲಿ ವೃತ್ತಿ ಎನ್ನಲಾಗದು. ಹಗಲು ಹೊಲ, ಮಗ್ಗ, ಕುಲುಮೆ; ರಾತ್ರಿ ಪದ. ಸವಾಲ್–ಜವಾಬ್ ಬಿದ್ದರೆ ಎದುರು ಮೇಳದವರು ಒಗಟಿನ ಪದ ಎಸೆಯುತ್ತಾರೆ, ಅದಕ್ಕೆ ತಕ್ಕ ಪದ ನೆನಪಿನಲ್ಲಿ ಸಿಕ್ಕದಿದ್ದರೆ ಸೋಲು. ಹೀಗಾಗಿ ಒಳ್ಳೆಯ ಹಾಡುಗಾರನೆಂದರೆ ಇಂಪಾದ ಕೊರಳಿನವನಷ್ಟೇ ಅಲ್ಲ, ನೂರಾರು ಪದ ತಲೆಯಲ್ಲಿ ಇಟ್ಟುಕೊಂಡವನು, ಯಾವ ಸವಾಲಿಗೆ ಯಾವ ಪದವೆಂದು ಅರಿತವನು. ಅವನ ಕೀರ್ತಿ ಐದಾರು ಹಳ್ಳಿ ದಾಟುತ್ತಿತ್ತು, ಅವನ ಸಾವಿನ ನಂತರ ಒಂದು ತಲೆಮಾರು ಬಾಳುತ್ತಿತ್ತು. ಆಮೇಲೆ ಅವನ ವಹಿಯಷ್ಟೇ ಉಳಿಯುತ್ತಿತ್ತು. ಕೈಬರಹದ ಈ ವಹಿಗಳು ಮಂಡಳಿಗಳ ಆಸ್ತಿ. ಅವುಗಳಲ್ಲೂ ಬರೆದುಕೊಂಡವನ ಸಹಿಗಿಂತ ಗುರುವಿನ ಸ್ತುತಿ ದೊಡ್ಡದು.

ಹೊರಗಿನ ಲೋಕದಲ್ಲಿ ಇದೇ ಹೊತ್ತಿಗೆ ಬೇರೆಯದೇ ಆಟ ಶುರುವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿನ ಮುಂದೆ ಹಾಡಿದ ಗೌಹರ್ ಜಾನ್, ತಟ್ಟೆ ಮುಗಿಯುವ ಹೊತ್ತಿಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ದೇವರ ಅಂಕಿತ ಬರಬೇಕಾದ ಜಾಗದಲ್ಲಿ ಹಾಡಿದವಳ ಅಂಕಿತ ಬಂತು! ಅಮೆರಿಕದಲ್ಲಿ 1927ರ ಬೇಸಿಗೆಯಲ್ಲಿ ಟೆನೆಸೀ–ವರ್ಜೀನಿಯಾ ಗಡಿಯ ಬ್ರಿಸ್ಟಲ್ ಎಂಬ ಊರಿಗೆ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಯಂತ್ರ ಹೊತ್ತು ಬಂದ. ಬೆಟ್ಟದ ಹಳ್ಳಿಗರ ಹಾಡನ್ನು ತಟ್ಟೆಗಿಳಿಸಿದ. ರೈಲಿನಲ್ಲಿ ಬ್ರೇಕ್‌ಮ್ಯಾನ್ ಆಗಿದ್ದ ಜಿಮ್ಮಿ ರಾಜರ್ಸ್ ಅಲ್ಲಿಂದಲೇ ದೇಶಕ್ಕೆಲ್ಲ ಗೊತ್ತಾದ. ಅವನು ಕ್ಷಯದಿಂದ 1933ರಲ್ಲಿ ಸಾಯುವ ಹೊತ್ತಿಗೆ ‘ಕಂಟ್ರಿ’ ಎಂದು ಮುಂದೆ ಕರೆಸಿಕೊಂಡ ಆ ಹಳ್ಳಿ ಸಂಗೀತಕ್ಕೆ ಒಬ್ಬ ನಾಯಕನ ಮುಖ ಸಿಕ್ಕಿತ್ತು. ಅಲ್ಲೇ ಹಾಡಿದ ಕಾರ್ಟರ್ ಮನೆತನದ ಕಥೆಯಲ್ಲಿ ಇನ್ನೊಂದು ಮಗ್ಗುಲಿದೆ. ಎ. ಪಿ. ಕಾರ್ಟರ್ ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಸಿದ. ಧಾಟಿಗಳನ್ನು ನೆನಪಿಟ್ಟುಕೊಂಡು ನೆರವಾದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಹಕ್ಕು ಬರೆಸಿಕೊಂಡದ್ದು ಕಾರ್ಟರ್ ಹೆಸರಿಗೆ. ಹೆಸರು ಬರುವುದೆಂದರೆ ಇನ್ನೊಬ್ಬರ ಹೆಸರು ಹೋಗುವುದೂ ಹೌದು.

ಬೀದರಿಗೆ ಅಂಥ ಯಂತ್ರವೂ ಬರಲಿಲ್ಲ, ಪಿಯರನೂ ಬರಲಿಲ್ಲ. ನಿಜಾಮರ ಆಳಿಕೆಯಲ್ಲಿ ಕಚೇರಿ, ಶಾಲೆ ಎರಡೂ ಉರ್ದುವಿನವು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಮಕ್ಕಳೂ ಬಲ್ಲರು. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದವರ ಕನ್ನಡ ಎಲ್ಲಿ ಉಳಿಯಿತು ಎಂದು ಕೇಳಿದರೆ ಭಜನಿ ಮಂಡಳಿ, ಅಲಾಯಿ ಮೇಳ, ಬೀಸುಕಲ್ಲು ಈ ಮೂರನ್ನೂ ಹೇಳಬೇಕು. ಪಟ್ಟದ್ದೇವರ ಬಗ್ಗೆ ಪುಸ್ತಕಗಳು ಬಂದಿವೆ, ಬರಲೇಬೇಕು. ಉಳಿದ ಮೂರು ಶಾಲೆಗಳ ಮೇಷ್ಟರುಗಳು ಮಾತ್ರ ಹಾಜರಿ ಪುಸ್ತಕಕ್ಕೇ ಹತ್ತಲಿಲ್ಲ.

1956ರ ನವೆಂಬರ್ 1ಕ್ಕೆ ಹಳೆಯ ಬೀದರ ಜಿಲ್ಲೆ ಒಡೆಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು; ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ ಕಡೆಯ ಭಾಗ ಆಂಧ್ರಕ್ಕೆ ಹೋದವು. ಹಾಡುಗಾರರಿಗೆ ಇದರಿಂದ ಆದ ಪೆಟ್ಟನ್ನು ಯಾರೂ ಹೆಚ್ಚಾಗಿ ಬರೆದಿಲ್ಲ. ಒಂದೇ ಜಾತ್ರೆಯ ಸುತ್ತು, ಒಂದೇ ಗುರುಪರಂಪರೆ, ಒಂದೇ ಬೀಗತನವಿದ್ದ ಊರುಗಳು ಮೂರು ರಾಜ್ಯಗಳ ಮೂರು ಆಕಾಶವಾಣಿ, ಮೂರು ಸನ್ಮಾನ ಪಟ್ಟಿಗಳ ಪಾಲಾದವು. ಕನ್ನಡದಲ್ಲೂ ಮರಾಠಿಯಲ್ಲೂ ಹಾಡುವ ಔರಾದಿನ ಒಬ್ಬ ಗೊಂದಲಿಗ ಎಲ್ಲಿಯ ಕಲಾವಿದ? ಅವನನ್ನು ಕೇಳಿದರೆ ಭವಾನಿಯ ಕಡೆಗೆ ಕೈ ತೋರಿಸುತ್ತಾನೆ, ಅರ್ಜಿಯಲ್ಲಿ ಆ ಕಾಲಂ ಇಲ್ಲ.

ಹೆಸರು ಮೊದಲು ಬಂದದ್ದು ರೇಡಿಯೋದ ದಾರಿಯಲ್ಲಿ. ಧಾರವಾಡ ನಿಲಯ 1950ರಲ್ಲಿ, ಕಲಬುರಗಿ ನಿಲಯ 1966ರಲ್ಲಿ ಶುರುವಾದವು. ಆಡಿಷನ್ ಎಂಬ ಪರೀಕ್ಷೆ ಬಂತು, ಗ್ರೇಡು ಬಂತು, ಹಾಡಿಗೆ ಮುಂಚೆ ‘ಈಗ ಹಾಡುವವರು’ ಎಂದು ಉದ್ಘೋಷಕರು ಹೆಸರು ಹೇಳುವ ಪದ್ಧತಿ ಬಂತು. ರಾತ್ರಿಯಿಡೀ ಹರಿಯುತ್ತಿದ್ದ ಭಜನೆ ಕೆಲವೇ ನಿಮಿಷಗಳಿಗೆ ಕತ್ತರಿಸಿಕೊಂಡಿತು, ಸವಾಲ್–ಜವಾಬ್ ಹೊರಗೇ ಉಳಿಯಿತು. ಬೆಳಗಾವಿ ಸೀಮೆಯ ಮುರಗೋಡದ ಹುಕ್ಕೇರಿ ಬಾಳಪ್ಪನವರು (1911–1992) ‘ಸಾವಿರ ಹಾಡಿನ ಸರದಾರ’ ಎಂದು ನಾಡಿಗೆಲ್ಲ ಗೊತ್ತಾದರು. ಸ್ವಾತಂತ್ರ್ಯ ಚಳವಳಿಯ ಸಭೆಗಳಲ್ಲಿ ಹಾಡಿ ಬೆಳೆದ ಆ ಕೊರಳು, ಹಳ್ಳಿಯ ಹಾಡುಗಾರನೂ ತನ್ನದೇ ಹೆಸರಿನಿಂದ ಬದುಕಬಹುದೆಂದು ತೋರಿಸಿದ ಮೊದಲ ದೊಡ್ಡ ಉದಾಹರಣೆ. ಬೀದರಿನಿಂದ ಅಷ್ಟು ಎತ್ತರದ ಹೆಸರು ಎದ್ದುಬರಲಿಲ್ಲ. ಇದಕ್ಕೆ ಕೊರಳಿನ ಬಡತನ ಕಾರಣವಲ್ಲ. ಧಾರವಾಡ–ಬೆಳಗಾವಿಯಲ್ಲಿ ನಾಟಕ ಕಂಪನಿ, ಪತ್ರಿಕೆ, ಕಾಲೇಜು, ನಿಲಯ ಎಲ್ಲ ಒಂದಕ್ಕೊಂದು ಹತ್ತಿರವಿದ್ದವು. ಬೀದರಿನ ಹಾಡುಗಾರ ಕಲಬುರಗಿಗೆ ಬಸ್ಸು ಹತ್ತಬೇಕಿತ್ತು.

ಪುಸ್ತಕದ ದಾರಿಯಲ್ಲಿ ಆದದ್ದು ಉಲ್ಟಾ. ವಿಜಯಪುರ ಕಡೆಯ ಹಲಸಂಗಿ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ತಂದರು. ಹಾಡಿದ ಹೆಂಗಸರೆಲ್ಲ ಸೇರಿ ಒಬ್ಬಳೇ ಗರತಿ ಆದರು. ಮುಂದೆ ಬೀದರದಲ್ಲೂ ಸಂಗ್ರಹಕಾರರು ಹುಟ್ಟಿಕೊಂಡರು. ದೇಶಾಂಶ ಹುಡುಗಿ, ಜಗನ್ನಾಥ ಹೆಬ್ಬಾಳೆ ಅವರಂಥವರು ಈ ನೆಲದ ಹಾಡು, ಆಚರಣೆಗಳ ಕುರಿತು ದುಡಿದರು. ತತ್ವಪದಕಾರರನ್ನು ಕುರಿತು ಮೀನಾಕ್ಷಿ ಬಾಳಿ, ಮೊಹರಂ ಪದಗಳನ್ನು ಕುರಿತು ರಹಮತ್ ತರೀಕೆರೆ ಮಾಡಿದ ಕೆಲಸ ದೊಡ್ಡದು. ಬೆಂಗಳೂರಿನ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳ ಸಂಪುಟಮಾಲೆಯನ್ನೇ ಹೊರತಂದಿತು. ಇವುಗಳಿಂದ ಪದ ಕಟ್ಟಿದವರಿಗೆ ನ್ಯಾಯ ಸಿಕ್ಕಿತು. ಹೇಳಿದವರು ‘ವಕ್ತೃ’ಗಳೆಂಬ ಪಟ್ಟಿಯಾಗಿ ಪುಸ್ತಕದ ಕೊನೆಗೆ ಹೋದರು, ಅದೂ ಪುಣ್ಯವಿದ್ದರೆ.

1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು, ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ಕ್ಯಾಸೆಟ್ಟು ಹಳ್ಳಿ ಹಳ್ಳಿಗೆ ತಲುಪಿತು. ಶರೀಫರನ್ನು ಪಟ್ಟಣದ ಮನೆಗಳಿಗೆ ಕರೆತಂದ ಪುಣ್ಯ ಅಶ್ವತ್ಥರದು, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಅದರ ಬೆನ್ನಿಗೇ ಇನ್ನೊಂದು ಆಯಿತು: ಊರಿಗೊಂದು ಇದ್ದ ಧಾಟಿಯ ಮೇಲೆ ಕ್ಯಾಸೆಟ್ಟಿನ ಧಾಟಿ ಬಂದು ಕೂತಿತು. ‘ಅದು ಹಾಂಗಲ್ಲ, ಪಿಚ್ಚರದಾಗ ಬ್ಯಾರೆ ಅದ’ ಎಂದು ಅಜ್ಜನ ಧಾಟಿಯನ್ನು ಮೊಮ್ಮಗ ತಿದ್ದುವ ಕಾಲ ಬಂತು.

ಪ್ರಶಸ್ತಿಗಳ ಮಾತು ಬೇಗ ಮುಗಿಸಬಹುದು. ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಆಯಿತು, ಅಕಾಡೆಮಿ ಇದೆ, ವಯಸ್ಸಾದ ಕಲಾವಿದರಿಗೆ ಮಾಸಾಶನವಿದೆ. ಬಳ್ಳಾರಿ ಸೀಮೆಯ ಬುರ್ರಕಥೆಯ ದರೋಜಿ ಈರಮ್ಮ, 2025ರಲ್ಲಿ ಪದ್ಮಶ್ರೀ ಪಡೆದ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಮುಂತಾದವರ ಹೆಸರು ಪತ್ರಿಕೆಯ ಮುಖಪುಟಕ್ಕೆ ಬಂದದ್ದು ಸಂತೋಷವೇ. ಸುಗತೇಕರರಿಗೆ ಪ್ರಶಸ್ತಿ ಬಂದಾಗ ಭಾಲ್ಕಿ, ಔರಾದ ಕಡೆಯ ಗೊಂದಲಿಗರ ಮನೆಗಳಿಗೂ ಅದರಲ್ಲಿ ಪಾಲಿದೆ ಎಂದುಕೊಂಡವನು ನಾನು.

ನಿಜವಾದ ತಿರುವು ಮೊಬೈಲಿನದು. ಈಗ ‘ಉತ್ತರ ಕರ್ನಾಟಕ ಜಾನಪದ’ ಎಂದು ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವುದು ಹೊಸದಾಗಿ ಕಟ್ಟಿ, ಕೀಬೋರ್ಡು ಮತ್ತು ಡಿಜೆ ತಾಳ ಕೂಡಿಸಿದ ಪ್ರೇಮದ, ವಿರಹದ, ಟ್ರ್ಯಾಕ್ಟರಿನ, ಡ್ರೈವರನ ಹಾಡು. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಈ ದಾರಿಯಲ್ಲೇ ಮನೆಮಾತಾದರು. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿ ತಾಂಡಾದ ಕುರಿಗಾಹಿ ಹನುಮಂತ ಟಿವಿಯ ಸರಿಗಮಪ ವೇದಿಕೆಯಿಂದ ಹೊರಟು 2025ರ ಜನವರಿಯಲ್ಲಿ ಬಿಗ್‌ಬಾಸ್ ಗೆದ್ದರು. ಇದನ್ನು ಜಾನಪದವೆನ್ನಬಹುದೇ ಎಂದು ವಿದ್ವಾಂಸರು ಮೂಗು ಮುರಿಯುವುದುಂಟು. ನನಗೆ ಆ ತಕರಾರು ಅಷ್ಟು ಹಿಡಿಸುವುದಿಲ್ಲ. ಹಲಸಂಗಿಯ ಖಾಜಾಭಾಯಿ ಲಾವಣಿ ಕಟ್ಟಿದ್ದೂ ಅವನ ಕಾಲಕ್ಕೆ ಹೊಸದೇ, ಕಲ್ಗಿ–ತುರಾಯಿಯ ಮಂದಿ ಜಾತ್ರೆಯಲ್ಲಿ ಕೆಣಕಿ ಹಾಡಿದ್ದರಲ್ಲಿ ಶೃಂಗಾರಕ್ಕೆ ಕೊರತೆ ಇರಲಿಲ್ಲ. ಬದಲಾದದ್ದು ಅಂಕಿತ. ಹಿಂದೆ ಕೊನೆಯ ನುಡಿಯಲ್ಲಿ ಗುರು ಬರುತ್ತಿದ್ದ. ಈಗ ಮೊದಲ ಸಾಲಿಗೂ ಮುಂಚೆ ಹಾಡುಗಾರನ ಹೆಸರು, ಊರು, ಚಾನಲ್ಲು, ಬುಕಿಂಗ್ ನಂಬರು ಬರುತ್ತವೆ.

ಬೀದರ ಸೀಮೆಯ ಹುಡುಗರೂ ಈ ಪೈಪೋಟಿಗೆ ಇಳಿದಿದ್ದಾರೆ, ಆದರೆ ಇಲ್ಲಿ ಅವರಿಗೆ ಅಡ್ಡಿ ಎರಡು ಪಟ್ಟು. ಮದುವೆ ಮೆರವಣಿಗೆಗೆ ಮರಾಠಿ ಹಾಡು ಬೇಕು, ಹೈದರಾಬಾದು ಹತ್ತಿರವಾದ್ದರಿಂದ ತೆಲುಗಿನ ಡಿಜೆ ಬೇಕು, ಕನ್ನಡದ್ದಾದರೆ ಬಾಗಲಕೋಟೆ–ಬೆಳಗಾವಿ ಮಾತಿನ ಠೇಂಕಾರ ಬೇಕು. ಬೀದರಿನ ಮಾತಿನಲ್ಲೇ, ಆ ‘ಹಾಂ ಅಂದ್ಯಾ’, ‘ಹೋಗ್ಲತಾನ’ ಗತ್ತಿನಲ್ಲೇ ಒಂದು ಹಾಡು ನಾಡಿಗೆಲ್ಲ ಹಬ್ಬುವುದು ಇನ್ನೂ ಬಾಕಿ ಇದೆ.

ಹೆಂಗಸರದು ಬೇರೆಯೇ ಕಥೆ. ಗಿರಣಿ ಬಂದ ಮೇಲೆ ಬೀಸುವ ಪದಕ್ಕೆ ಕಲ್ಲಿಲ್ಲ. ವರ್ತುಲವಾಗಿ ನಿಂತು ಚಪ್ಪಾಳೆ ಹಾಕಿ ಹೇಳುವ ಬುಲಾಯಿ ಪದ, ಮದುವೆಯ ಸೋಬಾನೆ, ತೊಟ್ಟಿಲ ಪದ ಇನ್ನೂ ಇವೆ. ಇವರಿಗೆ ಮಂಡಳಿ ಇರಲಿಲ್ಲ, ವಹಿ ಇರಲಿಲ್ಲ, ರೇಡಿಯೋದ ಆಡಿಷನ್ನಿಗೆ ಹೋಗಲು ಬಸ್ಸಿನ ದುಡ್ಡೂ ಮನೆಯವರ ಒಪ್ಪಿಗೆಯೂ ಇರಲಿಲ್ಲ. ಈಗ ಸೊಸೆಯೋ ಮೊಮ್ಮಗಳೋ ಅಡಿಗೆಮನೆಯಲ್ಲಿ ಮೊಬೈಲ್ ಹಿಡಿದು ‘ಅಮ್ಮಾ, ಇನ್ನೊಂದು ಹೇಳು’ ಅನ್ನುತ್ತಾಳೆ. ಮೊಬೈಲಿಗೆ ಏರಿದ ಹಾಡಿನ ಕೆಳಗೆ ಅಜ್ಜಿಯ ಹೆಸರು ಬರೆಯುವುದು ಅಥವಾ ಬಿಡುವುದು ಆ ಹುಡುಗಿಯ ಕೈಯಲ್ಲಿದೆ.

ಕಾನೂನು ಹೇಳುವುದನ್ನೂ ಇಲ್ಲಿ ಒಮ್ಮೆ ಬರೆದಿಡುವುದು ಒಳ್ಳೆಯದು. ಹಳೆಯ ತತ್ವಪದದ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ, ಪ್ರದರ್ಶಕರ ಹಕ್ಕು ಎಂಬುದನ್ನು ಸೇರಿಸಿತು. ಪದ ಯಾರದ್ದೇ ಇರಲಿ, ಆ ರಾತ್ರಿಯ ಹಾಡಿಕೆ ಹಾಡಿದವನದು. ಆ ಹಕ್ಕಿನ ಅವಧಿ ಈಗ 50 ವರ್ಷ. 2012ರ ತಿದ್ದುಪಡಿ, ಅದನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನದ ಮಾತನ್ನೂ, ಹಾಡಿದವರೆಂದು ಗುರುತಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ಅಂದರೆ ಜಾತ್ರೆಯ ಭಜನೆಯನ್ನು ಮೊಬೈಲಿನಲ್ಲಿ ಹಿಡಿದು, ಹಾಡಿದವರನ್ನು ಕೇಳದೆ ತನ್ನ ಚಾನಲ್ಲಿಗೆ ಏರಿಸಿ ಜಾಹೀರಾತಿನ ದುಡ್ಡು ಎಣಿಸುವವನ ಎದುರು ಬಗದಲ್ಲಿನ ಮಂಡಳಿಗೂ ಒಂದು ಮಾತಿದೆ. ಆ ಮಾತನ್ನು ಆಡಬೇಕಾದರೆ ಮೊದಲು ವಹಿಯ ಮೊದಲ ಪುಟದಲ್ಲಿ, ಗುರುಸ್ತುತಿಯ ಕೆಳಗೆ, ಮೇಳದವರ ಹೆಸರು, ದಿನ, ಊರು ಬರೆದಿಡುವ ರೂಢಿ ಆಗಬೇಕು. ಕೆಲವು ಮಂಡಳಿಗಳವರು ಅಕಾಡೆಮಿಯ ಅರ್ಜಿಗಾಗಿ ಹೇಗೂ ಅಂಥ ಪಟ್ಟಿ ಮಾಡುತ್ತಾರೆ. ಅದರ ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿ ಉಳಿದರೆ ಮುಂದೆ ಬೀದರ ಸೀಮೆಯ ಹಾಡುಗಾರಿಕೆಯ ಚರಿತ್ರೆ ಬರೆಯುವವರಿಗೆ ಅಷ್ಟರಮಟ್ಟಿಗೆ ಕೆಲಸ ಹಗುರ.