ತಂದೆಯ ಹಾಡು, ಮಗನ ಹರೆಯ: ಜಾನ್-ಮಾರ್ಕ್ ವಾಲೆಯವರ ‘ಕ್ರೇಜಿ’ ಚಿತ್ರದಲ್ಲಿ ಹಾಸ್ಯದ ಕೆಲಸ

ಸಲಿಂಗಪ್ರೇಮಿ ಹುಡುಗ ಬೆಳೆದು ದೊಡ್ಡವನಾಗುವ ಕಥೆಯ ಚಿತ್ರಗಳು ಬಹುಮಟ್ಟಿಗೆ ಒಂದೇ ದೃಶ್ಯದ ಕಡೆಗೆ ಸಾಗುತ್ತವೆ: ಮಗ ಹೆತ್ತವರ ಮುಂದೆ ಕುಳಿತು ತನ್ನ ಮನಸ್ಸನ್ನು ಬಿಚ್ಚಿಡುತ್ತಾನೆ. 2018ರ ‘ಲವ್, ಸೈಮನ್’ ಈ ಬಗೆಯದು. ಕೆನಡಾದ ಕ್ವಿಬೆಕ್‌ನಲ್ಲಿ 2005ರಲ್ಲಿ ತೆರೆಕಂಡ ಫ್ರೆಂಚ್ ಭಾಷೆಯ ಚಿತ್ರ ‘ಕ್ರೇಜಿ’ಗೆ ಅಂಥ ನಿವೇದನೆ ಗುರಿಯಲ್ಲ. ಇಲ್ಲಿ ನಿಜವಾಗಿ ಬೆಳೆಯಬೇಕಾದವನು ತಂದೆ. ಅವನನ್ನು ಬೆಳೆಸುವ ಕೆಲಸವನ್ನು ಚಿತ್ರ ಹಾಸ್ಯಕ್ಕೆ ಒಪ್ಪಿಸಿದೆ ಎಂಬುದು ಈ ಲೇಖನದ ವಾದ.

ಕಥಾನಾಯಕ ಝಾಕ್ ಹುಟ್ಟಿದ್ದು 1960ರ ಡಿಸೆಂಬರ್ 25ರಂದು, ಬೋಲಿಯೂ ಮನೆತನದ ಐವರು ಗಂಡುಮಕ್ಕಳಲ್ಲಿ ನಾಲ್ಕನೆಯವನಾಗಿ. ನಿರ್ದೇಶಕ ವಾಲೆಯವರ ಜೊತೆ ಚಿತ್ರಕಥೆ ಬರೆದ ಫ್ರಾನ್ಸ್ವಾ ಬೂಲೆ ತಮ್ಮ ಬಾಲ್ಯದ ನೆನಪುಗಳನ್ನೇ ಇದಕ್ಕೆ ಮೂಲದ್ರವ್ಯವಾಗಿ ಕೊಟ್ಟರು. ಕ್ರಿಸ್ತನ ಹುಟ್ಟುಹಬ್ಬದಂದೇ ಹುಟ್ಟಿದ ಹುಡುಗನಿಗೆ ಗಾಯ ಮಾಯಿಸುವ ದೈವದತ್ತ ಶಕ್ತಿಯಿದೆಯೆಂದು ತಾಯಿ ಲೋರಿಯಾನ್ ನಂಬಿದ್ದಾಳೆ. ಸುಟ್ಟಗಾಯವಾದರೂ ರಕ್ತ ನಿಲ್ಲದಿದ್ದರೂ ನೆಂಟರು ಫೋನ್ ಮಾಡಿ ಝಾಕ್‌ನನ್ನು ಕೇಳುತ್ತಾರೆ. ನೋಡುವವರು ನಗುತ್ತಾರೆ. ಆದರೆ ಊರವರ ನೋವು ಶಮನ ಮಾಡಬಲ್ಲವನೆಂದು ಹೆಸರಾದ ಹುಡುಗ, ತನ್ನೊಳಗಿನ ಆಸೆಯನ್ನು ರೋಗವೆಂದೇ ತಿಳಿದು, ಅದು ಹೋಗಲೆಂದು ದೇವರಲ್ಲಿ ಮೊರೆಯಿಡುತ್ತಿರುತ್ತಾನೆ. ಈ ನಗೆಯ ಬೆನ್ನಿಗೇ ಅಂಟಿಕೊಂಡಿರುವ ಸಂಕಟವನ್ನು ಚಿತ್ರ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ.

ತಂದೆ ಜೆರ್ವೆಯ ಪಾತ್ರವನ್ನು ಮಿಷೆಲ್ ಕೋಟೆ ಅಪರೂಪದ ತಾಳ್ಮೆಯಿಂದ ನಿರ್ವಹಿಸಿದ್ದಾರೆ. ಮನೆಮಂದಿ ಸೇರಿದಾಗಲೆಲ್ಲ ಜೆರ್ವೆ ಎದ್ದು ನಿಂತು ಫ್ರೆಂಚ್ ಗಾಯಕ ಷಾರ್ಲ್ ಅಜ್ನಾವೂರರ ಅದೇ ಒಂದು ಹಾಡನ್ನು ಹಾಡುತ್ತಾನೆ. ಮೊದಲ ಸಲ ನಗು ಬರುತ್ತದೆ. ಎರಡನೆಯ ಸಲ, ‘ಬಂತಪ್ಪ ಮತ್ತೆ’ ಎನ್ನಿಸುತ್ತದೆ. ವರ್ಷಗಳು ಉರುಳಿದ ಮೇಲೆ ಅದೇ ಹಾಡು ಈ ಮನುಷ್ಯನಿಗೆ ಪ್ರೀತಿ ತೋರಿಸಲು ಗೊತ್ತಿರುವ ಕೆಲವೇ ದಾರಿಗಳಲ್ಲಿ ಒಂದಾಗಿ ಕಾಣತೊಡಗುತ್ತದೆ. ಗಾಯಕಿ ಪ್ಯಾಟ್ಸಿ ಕ್ಲೈನ್‌ಳ ಗ್ರಾಮಫೋನ್ ತಟ್ಟೆ ಅವನಿಗೆ ಪ್ರಾಣ. ಅದನ್ನು ಒಡೆಯುವವನು ಪುಟ್ಟ ಝಾಕ್. ಮಗನ ‘ಮೃದುತನ’ವನ್ನು ಕಂಡು ಗಾಬರಿಯಾಗುವ ಈ ಅಪ್ಪನೇ ಮನೆಯೊಳಗೆ ಸಂಗೀತ ತಂದವನು ಎಂಬುದನ್ನು ವಿಮರ್ಶೆ ಮರೆಯಬಾರದು. ಮಗನ ಸಂವೇದನೆಯ ಬೇರು ತಂದೆಯಲ್ಲೇ ಇದೆ. ತನ್ನದನ್ನೇ ಮಗನಲ್ಲಿ ಕಂಡು ಗುರುತಿಸಲಾಗದ ಕುರುಡು ಜೆರ್ವೆಯದು.

ಹಾಸ್ಯದ ಗುರಿ ಯಾರೆಂಬುದನ್ನು ಎರಡು ದೃಶ್ಯಗಳು ತಿಳಿಸುತ್ತವೆ. ನಡುರಾತ್ರಿಯ ಪೂಜೆಯಲ್ಲಿ ಬೇಸರದಿಂದ ಕುಳಿತ ಝಾಕ್‌ನ ಕಲ್ಪನೆಯಲ್ಲಿ ಇಡೀ ಇಗರ್ಜಿ ರೋಲಿಂಗ್ ಸ್ಟೋನ್ಸ್ ತಂಡದ ಹಾಡಿಗೆ ದನಿಗೂಡಿಸುತ್ತದೆ, ಅವನು ನೆಲಬಿಟ್ಟು ಮೇಲೇಳುತ್ತಾನೆ. ಇಲ್ಲಿ ನಗೆಗೀಡಾಗುವುದು ಧರ್ಮದ ಬಿಗುಮಾನ. ಇನ್ನೊಂದರಲ್ಲಿ, ಮುಖಕ್ಕೆ ಮಿಂಚಿನ ಗೆರೆ ಬಳಿದುಕೊಂಡು ಕೋಣೆಯಲ್ಲಿ ರಾಕ್ ಗಾಯಕ ಡೇವಿಡ್ ಬೋವಿಯಾಗಿ ಮೈಮರೆತ ಹರೆಯದ ಝಾಕ್‌ನನ್ನು (ಮಾರ್ಕ್-ಆಂದ್ರೆ ಗ್ರೊಂಡಾಂ) ಹೊರಗಿನವರು ಗೇಲಿ ಮಾಡುತ್ತಾರೆ. ಆದರೆ ಅಷ್ಟು ಹೊತ್ತು ಕ್ಯಾಮೆರಾ ಅವನ ಆನಂದದೊಳಗೇ ಇತ್ತು. ಆದ್ದರಿಂದ ಪ್ರೇಕ್ಷಕರು ಗೇಲಿ ಮಾಡುವವರ ಪಕ್ಷ ಸೇರಲಾರರು. ಈ ನೈತಿಕ ಎಚ್ಚರ ನನಗೆ ಚಿತ್ರದ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಚರಿತ್ರೆಯೂ ಹಿನ್ನೆಲೆಯಲ್ಲಿದೆ. ಕ್ವಿಬೆಕ್‌ನಲ್ಲಿ ಕ್ಯಾಥೊಲಿಕ್ ಚರ್ಚಿನ ಹಿಡಿತ ಸಡಿಲಗೊಳಿಸಿದ ‘ಮೌನ ಕ್ರಾಂತಿ’ ಮೊದಲಾದದ್ದು ಝಾಕ್ ಹುಟ್ಟಿದ ವರ್ಷವೇ. ವಯಸ್ಕರ ನಡುವಿನ ಖಾಸಗಿ ಸಲಿಂಗ ಸಂಬಂಧವನ್ನು ಕೆನಡಾ 1969ರಲ್ಲಿ ಅಪರಾಧಗಳ ಪಟ್ಟಿಯಿಂದ ತೆಗೆಯಿತು. 1977ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನ ಸಲಿಂಗಪ್ರೇಮಿಗಳ ಟ್ರಕ್ಸ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದರು, ಜನ ಬೀದಿಗಿಳಿದರು. ಡಿಸೆಂಬರ್‌ನಲ್ಲಿ ಕ್ವಿಬೆಕ್ ತನ್ನ ಹಕ್ಕುಗಳ ಸನ್ನದಿಗೆ ಲೈಂಗಿಕ ಒಲವಿನ ಆಧಾರದ ತಾರತಮ್ಯ ನಿಷೇಧವನ್ನು ಸೇರಿಸಿತು. ಆಗ ಝಾಕ್‌ಗೆ ಹದಿನೇಳು ತುಂಬುತ್ತಿತ್ತು. ಇದ್ಯಾವುದೂ ತೆರೆಯ ಮೇಲೆ ಬರುವುದಿಲ್ಲ. ಕ್ಯಾಮೆರಾ ಅಡುಗೆಮನೆಯಲ್ಲಿದೆ; ಅಲ್ಲಿ ಲೋರಿಯಾನ್ ಇಸ್ತ್ರಿಪೆಟ್ಟಿಗೆಯಿಂದ ಬ್ರೆಡ್ ಒತ್ತಿ ಟೋಸ್ಟ್ ಮಾಡುತ್ತಾಳೆ. ಶಾಸನಸಭೆ ತಿದ್ದುಪಡಿ ತಂದ ಮಾತ್ರಕ್ಕೆ ಈ ಮೇಜಿನ ಸುತ್ತಲಿನ ಮಾತು ಬದಲಾಗಲಿಲ್ಲ.

ಚಿತ್ರಕ್ಕೆ ಕುಂದುಗಳಿವೆ. ಝಾಕ್ ಯೆರೂಸಲೇಮಿಗೆ ಹೋಗಿ ಮರುಭೂಮಿಯಲ್ಲಿ ಅಲೆಯುವ ಭಾಗದಲ್ಲಿ ಸಂಕೇತಗಳ ಭಾರ ಹೆಚ್ಚು. ಮಾದಕವ್ಯಸನಿ ಅಣ್ಣ ರೇಮಂಡನ ಸಾವಿನ ನಂತರ ತಂದೆ ಝಾಕ್‌ನನ್ನು ತಬ್ಬಿಕೊಳ್ಳುವುದು ಇನ್ನೂ ತೊಡಕಿನದು: ಒಬ್ಬ ಮಗನನ್ನು ಒಪ್ಪಿಕೊಳ್ಳಲು ಇನ್ನೊಬ್ಬನನ್ನು ಕಳೆದುಕೊಳ್ಳಬೇಕಿತ್ತೆ? ಈ ಆಕ್ಷೇಪಕ್ಕೆ ಚಿತ್ರದೊಳಗೇ ಅರ್ಧ ಉತ್ತರವಿದೆ. ವಾಲೆ ಆ ಅಪ್ಪುಗೆಯನ್ನು ಸಮ್ಮತಿಯೆಂದು ತೋರಿಸುವುದಿಲ್ಲ. ಅಪ್ಪ ತನ್ನ ಬದುಕನ್ನು ಒಪ್ಪಲು ಆಮೇಲೂ ವರ್ಷಗಳೇ ಹಿಡಿದವೆಂದು ಝಾಕ್‌ನ ನಿರೂಪಣೆ ನೇರವಾಗಿ ಹೇಳುತ್ತದೆ.