ನಾಟಿ ಕೋಳಿಗೆ ನರಿ ಕಾಟ: ಗೂಡು ಭದ್ರ ಮಾಡೋದು ಹೇಗೆ, ಏನು ಮಾಡಬಾರದು?

ರಾತ್ರಿ ಕೂಡಿದ ಕೋಳಿ ಬೆಳಿಗ್ಗೆ ಲೆಕ್ಕಕ್ಕೆ ಸಿಗೋದಿಲ್ಲ. ಹಿತ್ತಲ ಬೇಲಿ ಪಕ್ಕ ಒಂದಿಷ್ಟು ಪುಕ್ಕ, ಮಂಕರಿ ಮಗುಚಿ ಬಿದ್ದಿರುತ್ತೆ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಕಡೆ ಗುಡ್ಡದ ಬುಡ, ಕೆರೆ ಏರಿ, ಜಾಲಿ ಪೊದೆ ಪಕ್ಕ ಮನೆ ಇರೋರಿಗೆ ಇದು ಹೊಸದಲ್ಲ.

ನಾಟಿ ಕೋಳಿ ಬಹಳಷ್ಟು ಮನೆಗಳಲ್ಲಿ ಹೆಂಗಸರ ಕೈದುಡ್ಡು. ಮೊಟ್ಟೆ ಮಾರಿದರೆ ಮಕ್ಕಳ ಪುಸ್ತಕಕ್ಕೆ, ಹುಂಜ ಮಾರಿದರೆ ಆಸ್ಪತ್ರೆ ಖರ್ಚಿಗೆ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮಾರೋಣ ಅಂತ ಬೆಳೆಸಿದ ಕೋಳಿ ಒಂದೇ ರಾತ್ರಿ ಖಾಲಿಯಾದರೆ ಸಿಟ್ಟು ಬರೋದು ಸಹಜ. ಆ ಸಿಟ್ಟಲ್ಲಿ ಉರುಳು, ವಿಷ, ಕರೆಂಟ್ ತಂತಿ ಅಂತ ಕೈಹಾಕಿದರೆ ಕೋಳಿ ನಷ್ಟದ ಜೊತೆ ಜೈಲು, ಪ್ರಾಣಹಾನಿ ಎರಡೂ ಬರಬಹುದು. ಅಷ್ಟು ಮಾಡಿದರೂ ಕಾಟ ನಿಲ್ಲೋದಿಲ್ಲ. ನಿಲ್ಲೋದು ಗೂಡು ಭದ್ರವಾದಾಗ, ಬಾಗಿಲು ಹೊತ್ತಿಗೆ ಸರಿಯಾಗಿ ಬಿದ್ದಾಗ ಮಾತ್ರ.

ನಮ್ಮ ಕಡೆ ನರಿ ಅಂದರೆ ಯಾವುದು?

ನಮ್ಮ ಕಡೆ ಎರಡು ಪ್ರಾಣಿಗೂ ನರಿ ಅಂತಲೇ ಕರೆಯೋದು ರೂಢಿ. ಒಂದು ಗುಳ್ಳೆನರಿ. ಇದು ಹೆಚ್ಚುಕಮ್ಮಿ ಬೀದಿನಾಯಿ ಎತ್ತರ, ತೂಕ ಸುಮಾರು 8ರಿಂದ 11 ಕೆಜಿ. ಮುಸ್ಸಂಜೆ ಹೊತ್ತಿಗೆ ಗುಂಪಾಗಿ ಊಳಿಡೋದು ಇದೇ. ದೊಡ್ಡ ಹ್ಯಾಟೆ, ಹುಂಜ ಎರಡನ್ನೂ ಹೊತ್ತೊಯ್ಯುತ್ತೆ.

ಇನ್ನೊಂದು ಬಯಲಿನ ಸಣ್ಣ ನರಿ. ತೂಕ ಸುಮಾರು ಮೂರು ಕೆಜಿ, ಉದ್ದನೆಯ ಪೊದೆಬಾಲ, ಬಾಲದ ತುದಿ ಕಪ್ಪು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಂಥ ಹುಲ್ಲುಬಯಲು ಇದಕ್ಕೆ ಒಗ್ಗೋ ಜಾಗ. ಇದರ ಊಟ ಹೆಚ್ಚಾಗಿ ಹುಳ, ಇಲಿ, ಓತಿಕ್ಯಾತ. ಕೋಳಿಮರಿ ಸಿಕ್ಕರೆ ಬಿಡೋದಿಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮರಿ ಹಾಕುತ್ತೆ. ಮರಿಗೆ ಊಟ ಹುಡುಕೋ ಈ ಕಾಲವೂ, ಹೊಸತೊಡಕಿಗೆ ಕೋಳಿ ಬೆಳೆಸೋ ಕಾಲವೂ ಒಂದೇ. ಆ ತಿಂಗಳುಗಳಲ್ಲಿ ಎಚ್ಚರ ಜಾಸ್ತಿ ಬೇಕು.

ಕದ್ದಿದ್ದು ನರಿಯೇನಾ? ಮೊದಲು ನೋಡಿ

ಎಲ್ಲ ಕಳ್ಳತನವೂ ನರಿಯದ್ದಲ್ಲ. ಕಳ್ಳ ಯಾರು ಅಂತ ಗೊತ್ತಾಗದೆ ಗೂಡು ರಿಪೇರಿ ಮಾಡಿದರೆ ದುಡ್ಡು ದಂಡ.

- ನರಿ: ಇಡೀ ಕೋಳಿ ಮಾಯ. ಪುಕ್ಕದ ಸಾಲು ಪೊದೆ ಅಥವಾ ಬದುವಿನ ಕಡೆ ಹೋಗಿರುತ್ತೆ. ಗೂಡಿನ ಬುಡದಲ್ಲಿ ಮಣ್ಣು ಕೆರೆದಿರಬಹುದು.
- ಬೀದಿನಾಯಿ: ಕೋಳಿ ಹರಿದು ಅಲ್ಲೇ ಬಿದ್ದಿರುತ್ತೆ, ತಿಂದಿರೋದು ಕಮ್ಮಿ. ಹಗಲಲ್ಲೂ ನುಗ್ಗುತ್ತೆ.
- ಮುಂಗುಸಿ: ಹಗಲು ಹೊತ್ತು ಬರುತ್ತೆ. ಕತ್ತು, ತಲೆ ಕಡಿದಿರುತ್ತೆ, ಮೊಟ್ಟೆಯೂ ಹೋಗುತ್ತೆ.
- ಕಾಡುಬೆಕ್ಕು, ಪುನುಗುಬೆಕ್ಕು: ರಾತ್ರಿ ಬರುತ್ತವೆ. ಪುನುಗುಬೆಕ್ಕು ಸೂರಿನ ಸಂದಿಯಿಂದಲೂ ಇಳಿಯುತ್ತೆ.
- ಹಾವು: ಮೊಟ್ಟೆ, ಮರಿ ಮಾತ್ರ ಮಾಯ. ಪುಕ್ಕ, ರಕ್ತ ಏನೂ ಇರೋದಿಲ್ಲ.
- ಹೆಗ್ಗಣ: ಮರಿಗಳನ್ನ ಬಿಲದೊಳಗೆ ಎಳೆದುಕೊಂಡಿರುತ್ತೆ.
- ಗಿಡುಗ, ಹದ್ದು: ಬಯಲಲ್ಲಿ ಮೇಯುವಾಗ ಹಗಲೇ ಮರಿ ಎತ್ತುತ್ತವೆ.

ಅನುಮಾನ ಇದ್ದರೆ ಸುಲಭದ ಒಂದು ಉಪಾಯ ಇದೆ. ಸಂಜೆ ಗೂಡಿನ ಸುತ್ತ ಎರಡಡಿ ಅಗಲಕ್ಕೆ ಒಲೆಬೂದಿ ಅಥವಾ ನಯವಾದ ಮಣ್ಣು ಉದುರಿಸಿ. ಬೆಳಿಗ್ಗೆ ಹೆಜ್ಜೆ ನೋಡಿ. ನಾಯಿ, ನರಿ ಎರಡರ ಹೆಜ್ಜೆಯಲ್ಲೂ ಉಗುರಿನ ಗುರುತು ಕಾಣುತ್ತೆ, ನರಿಯದ್ದು ಸ್ವಲ್ಪ ಉದ್ದಕ್ಕೆ, ಕಿರಿದಾಗಿರುತ್ತೆ. ಬೆಕ್ಕಿನ ಜಾತಿ ಉಗುರು ಒಳಗೆ ಎಳೆದುಕೊಂಡು ನಡೆಯೋದರಿಂದ ಗುರುತು ಮೂಡೋದಿಲ್ಲ. ಹೆಜ್ಜೆ ದುಂಡಗೆ, ಅಂಗೈಯಷ್ಟು ದೊಡ್ಡದಿದ್ದು ಉಗುರಿನ ಗುರುತಿಲ್ಲ, ಊರಲ್ಲಿ ನಾಯಿಗಳೂ ಕಾಣೆಯಾಗ್ತಿವೆ ಅಂದರೆ ಅದು ಚಿರತೆ ಇರಬಹುದು. ಆಗ ಅರಣ್ಯ ಇಲಾಖೆಗೆ ತಿಳಿಸಲೇಬೇಕು.

ಒಮ್ಮೆ ಬಂದದ್ದು ಮತ್ತೆ ಮತ್ತೆ ಯಾಕೆ ಬರುತ್ತೆ?

ನರಿಗೆ ತನ್ನದೇ ಎಲ್ಲೆ ಇರುತ್ತೆ. ಸಾಮಾನ್ಯವಾಗಿ ಜೋಡಿಯಾಗಿ, ಬೆಳೆದ ಮರಿಗಳ ಜೊತೆ ಅದೇ ಜಾಗದಲ್ಲಿ ತಿರುಗುತ್ತೆ. ಎಲ್ಲಿ ಕಷ್ಟಪಡದೆ ಊಟ ಸಿಕ್ಕಿತೋ ಆ ಮನೆಯನ್ನ ಮರೆಯೋದಿಲ್ಲ. ಹಾಗಾಗಿ ಮೊದಲ ಕೋಳಿ ಹೋದ ಮಾರನೇ ರಾತ್ರಿಯೇ ಅಪಾಯ ಹೆಚ್ಚು.

ಇಕ್ಕಟ್ಟಿನ ಗೂಡಿಗೆ ನುಗ್ಗಿದಾಗ ಕೋಳಿಗಳು ರೆಕ್ಕೆ ಬಡಿದು ಗಾಬರಿಯಿಂದ ಹಾರಾಡುತ್ತವೆ. ಆಗ ಅದು ತಿನ್ನೋದಕ್ಕಿಂತ ಜಾಸ್ತಿ ಕೊಂದು ಹಾಕುತ್ತೆ. ಅದು ಹಗೆಯಲ್ಲ, ಬೇಟೆ ಪ್ರಾಣಿಯ ಸ್ವಭಾವ.

ಒಂದನ್ನ ಕೊಂದರೆ ಅಥವಾ ಹಿಡಿದು ದೂರ ಬಿಟ್ಟರೆ ಕಾಟ ತಪ್ಪುತ್ತೆ ಅನ್ನೋದು ತಪ್ಪು ಲೆಕ್ಕ. ಖಾಲಿಯಾದ ಎಲ್ಲೆಗೆ ಇನ್ನೊಂದು ನರಿ ಬರುತ್ತೆ, ಗೂಡಿನ ತೂತು ಮಾತ್ರ ಹಾಗೇ ಇರುತ್ತೆ. ಅದೇ ನರಿ ನಾಲ್ಕಾರು ರಾತ್ರಿ ಬಂದು ಏನೂ ಸಿಗದೆ ವಾಪಸ್ ಹೋದರೆ ಇಲಿ, ಹಣ್ಣು, ಏಡಿ ಹುಡುಕಿಕೊಂಡು ಬೇರೆ ದಾರಿ ಹಿಡಿಯುತ್ತೆ.

ಗೂಡು ಭದ್ರ ಮಾಡೋದು ಹೀಗೆ

ಹಳೇ ಬಾಗಿಲು, ಉಳಿದ ಶೀಟು, ಮನೆ ಕಟ್ಟಿ ಮಿಕ್ಕ ಇಟ್ಟಿಗೆ ಎಲ್ಲ ಬಳಸಬಹುದು. ದುಡ್ಡು ಹಾಕಬೇಕಾದ್ದು ಜಾಲರಿ ಮತ್ತು ಚಿಲಕಕ್ಕೆ.

1. ಅಳತೆ: ರಾತ್ರಿ ಮಲಗೋದಕ್ಕೆ ಒಂದು ಕೋಳಿಗೆ ಒಂದರಿಂದ ಒಂದೂವರೆ ಚದರಡಿ ಸಾಕು. ಹತ್ತು ಕೋಳಿಗೆ ನಾಲ್ಕಡಿಗೆ ನಾಲ್ಕಡಿ ಗೂಡು ಆಗುತ್ತೆ. ಒಳಗೆ ಅಡ್ಡಕೋಲು ಹಾಕಿ, ಕೋಳಿ ಗೋಡೆಗೆ ಒರಗಿ ಮಲಗದಂತೆ ನೋಡಿಕೊಳ್ಳಿ.

2. ಜಾಲರಿ: ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಸಿಗೋ ಆರುಮೂಲೆ ಕಣ್ಣಿನ ತೆಳು ತಂತಿ ಕೋಳಿಯನ್ನ ಒಳಗಿಡುತ್ತೆ, ನರಿಯನ್ನ ಹೊರಗಿಡೋದಿಲ್ಲ. ಹಲ್ಲಿಗೆ ಸಿಕ್ಕರೆ ಹರಿಯುತ್ತೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಕೇಳಿ ತನ್ನಿ. ಮುಂಗುಸಿಯೂ ತೂರೋದಿಲ್ಲ, ಕೋಳಿಯ ಕಾಲು, ಕತ್ತು ಹೊರಗೆ ಬಂದು ಕಚ್ಚಿಸಿಕೊಳ್ಳೋದೂ ತಪ್ಪುತ್ತೆ. ಮೊಳೆ ಬಗ್ಗಿಸಿ ಸಿಕ್ಕಿಸಿದರೆ ಸಾಲದು. ಪಟ್ಟಿ ಇಟ್ಟು ಸ್ಕ್ರೂ ಹೊಡೆಸಿ.

3. ಬುಡ: ನರಿ ಗೋಡೆಯ ಬುಡದಲ್ಲೇ ಕೆರೆಯೋಕೆ ಶುರು ಮಾಡುತ್ತೆ. ಗೂಡಿನ ಗೋಡೆಯಿಂದ ಹೊರಕ್ಕೆ ಒಂದೂವರೆ ಅಡಿ ಅಗಲ ಜಾಲರಿಯನ್ನ ನೆಲದ ಮೇಲೆ ಹಾಸಿ, ಗೋಡೆಯ ಜಾಲರಿಗೆ ತಂತಿಯಿಂದ ಬಿಗಿದು, ಮೇಲೆ ಮಣ್ಣು, ಕಲ್ಲು ಹಾಕಿ. ಕೆರೆದ ಕಡೆಯಲ್ಲ ಉಗುರಿಗೆ ತಂತಿ ಸಿಕ್ಕರೆ ಬಿಟ್ಟು ಹೋಗುತ್ತೆ. ಕಲ್ಲುಚಪ್ಪಡಿ ಅಗ್ಗಕ್ಕೆ ಸಿಗೋ ಕಡೆ ಗೂಡಿನ ನೆಲಕ್ಕೇ ಚಪ್ಪಡಿ ಹಾಕಿಸಿದರೆ ಹೆಗ್ಗಣದ ಕಾಟವೂ ತೀರುತ್ತೆ. ಕಲ್ಲುಕಂಬದ ಮೇಲೆ ಮೂರಡಿ ಎತ್ತರಕ್ಕೆ ಗೂಡು ಕಟ್ಟೋದು ಇನ್ನೊಂದು ದಾರಿ.

4. ಬಾಗಿಲು: ಸಡಿಲ ಚಿಲಕವನ್ನ ನರಿ ಮೂತಿಯಿಂದ ದೂಡಿ ತೆಗೆಯುತ್ತೆ. ಚಿಲಕ ಹಾಕಿ ಅದಕ್ಕೆ ಒಂದು ಪಿನ್ನು ಅಥವಾ ಬೀಗ ಸಿಕ್ಕಿಸಿ. ಬಾಗಿಲ ಕೆಳಗೆ ಎರಡು ಬೆರಳಿಗಿಂತ ಜಾಸ್ತಿ ಸಂದಿ ಬೇಡ.

5. ಮೇಲ್ಭಾಗ: ಶೀಟು ಮತ್ತು ಗೋಡೆಯ ನಡುವಿನ ಸಂದಿಗೂ ಜಾಲರಿ ಹೊಡೆಯಿರಿ. ಗಾಳಿ ಆಡಲಿ, ಪ್ರಾಣಿ ಆಡಬಾರದು. ಹಗಲಿಗೆ ಬೇಲಿ ಹಾಕೋದಾದರೆ ಆರಡಿ ಎತ್ತರ ಬೇಕು.

ಬಿದಿರು ಮಂಕರಿ ಕವುಚಿ ಮೇಲೊಂದು ಕಲ್ಲು ಇಡೋ ಹಳೇ ಪದ್ಧತಿ ಮನೆಯೊಳಗಾದರೆ ಸರಿ. ಹೊರಗಡೆ ಜಗುಲಿ ಕೆಳಗಾದರೆ ಗುಳ್ಳೆನರಿಗೆ ಅದನ್ನ ಉರುಳಿಸೋದು ಕಷ್ಟವಲ್ಲ.

ಬಾಗಿಲು ಹಾಕೋ ಹೊತ್ತು

ಗೂಡು ಎಷ್ಟೇ ಗಟ್ಟಿ ಇದ್ದರೂ ಒಂದು ಸಂಜೆ ಮರೆತರೆ ಮುಗೀತು. ಮುಸ್ಸಂಜೆ ಮತ್ತು ಮುಂಜಾನೆ ನರಿ ತಿರುಗೋ ಹೊತ್ತು. ದಿನಾ ಒಂದೇ ಸಮಯಕ್ಕೆ ಒಂದು ಹಿಡಿ ರಾಗಿ ಅಥವಾ ನುಚ್ಚು ಹಾಕಿ ಕರೆದು ಅಭ್ಯಾಸ ಮಾಡಿಸಿದರೆ ವಾರದೊಳಗೆ ಕೋಳಿ ತಾವಾಗೇ ಗೂಡಿಗೆ ಬರುತ್ತವೆ. ಎಣಿಸಿ, ಬೆಳಕು ಇರುವಾಗಲೇ ಚಿಲಕ ಹಾಕಿ. ಬೆಳಿಗ್ಗೆ ಹಾಲು ಹಾಕೋಕೆ ಕತ್ತಲಲ್ಲೇ ಎದ್ದೋರು ಜೊತೆಗೇ ಗೂಡಿನ ಬಾಗಿಲು ತೆಗೆಯೋದು ಬೇಡ. ಸೂರ್ಯ ಹುಟ್ಟಿದ ಮೇಲೆ ತೆಗೆಯಿರಿ.

ಮರ ಹತ್ತಿ ಮಲಗೋ ನಾಟಿ ಕೋಳಿ ಹೇಗೋ ಬಚಾವಾಗುತ್ತೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ತೂಕದ ತಳಿ ಹಾಗೆ ಮೇಲಕ್ಕೆ ಹಾರಲಾರದು, ಅದನ್ನ ಕೂಡಲೇಬೇಕು. ಬೇಲಿಯಲ್ಲಿ, ಹುಲ್ಲಿನ ಬಣವೆ ಸಂದಿಯಲ್ಲಿ ಕದ್ದು ಮೊಟ್ಟೆ ಇಟ್ಟು ಕಾವು ಕೂತ ಕೋಳಿಯೇ ನರಿಗೆ ಸುಲಭವಾಗಿ ಸಿಗೋದು. ಹುಡುಕಿ, ಮೊಟ್ಟೆ ಸಮೇತ ಮನೆಯೊಳಗೆ ಬುಟ್ಟಿಗೆ ತಂದು ಕೂರಿಸಿ.

ಗೂಡಿನ ಸುತ್ತ ಇಪ್ಪತ್ತು ಮೂವತ್ತು ಅಡಿ ಲಂಟಾನ, ಜಾಲಿ ಕಡಿದು ಬಯಲು ಮಾಡಿದರೆ ಹೊಂಚು ಹಾಕೋಕೆ ಮರೆ ಸಿಗೋದಿಲ್ಲ. ಲೈಟು, ರೇಡಿಯೋ ಕೆಲ ದಿನ ಕೆಲಸ ಮಾಡುತ್ತವೆ, ಆಮೇಲೆ ನರಿಗೆ ಅಭ್ಯಾಸ ಆಗುತ್ತೆ. ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳೋ ಸೋಲಾರ್ ಲೈಟ್ ಹಾಕಿ, ಆಗಾಗ ಜಾಗ ಬದಲಿಸಿದರೆ ಪರವಾಗಿಲ್ಲ. ಗೂಡಿನ ಹತ್ತಿರ ಮಲಗೋ ನಾಯಿ ಒಳ್ಳೆ ಕಾವಲು. ಅದಕ್ಕೆ ರೇಬಿಸ್ ಲಸಿಕೆ ಹಾಕಿಸಿರಬೇಕು.

ಅಂಗಡಿಯೋರ ಪಾತ್ರವೂ ಇದೆ

ಕೋಳಿ ಅಂಗಡಿಯ ಪುಕ್ಕ, ಕರುಳು, ತಲೆಯನ್ನ ಮೂಟೆ ಕಟ್ಟಿ ರಾತ್ರಿ ಕೆರೆ ಏರಿ, ಹಳ್ಳ, ರಸ್ತೆ ಬದಿ ಎಸೆಯೋದು ನರಿ ಮತ್ತು ಬೀದಿನಾಯಿಗೆ ದಿನಾ ಊಟ ಬಡಿಸಿದ ಹಾಗೆ. ಆ ವಾಸನೆಗೆ ಬಂದದ್ದು ಪಕ್ಕದ ಹಿತ್ತಲಿಗೂ ಬರುತ್ತೆ. ಹೋಟೆಲ್, ಡಾಬಾಗಳ ಎಂಜಲು ಮಾಂಸಕ್ಕೂ ಇದೇ ಮಾತು. ತ್ಯಾಜ್ಯವನ್ನ ಮುಚ್ಚಳ ಇರೋ ಡ್ರಮ್ಮಲ್ಲಿ ಇಟ್ಟು, ಪಟ್ಟಣ ಪಂಚಾಯಿತಿ, ಪುರಸಭೆ ಅಥವಾ ಗ್ರಾಮ ಪಂಚಾಯಿತಿ ಗೊತ್ತು ಮಾಡಿದ ಜಾಗಕ್ಕೇ ಕೊಡಬೇಕು. ಮನೆಯಲ್ಲಿ ಸತ್ತ ಕೋಳಿಯನ್ನೂ ಬೇಲಿಯಾಚೆ ಎಸೆಯದೆ ಮೂರಡಿ ಆಳಕ್ಕೆ ಸುಣ್ಣ ಹಾಕಿ ಹೂಳಬೇಕು.

ಮೈಮೇಲೆ ಗಾಯವೇ ಇಲ್ಲದೆ ಒಟ್ಟಿಗೆ ಕೋಳಿಗಳು ಸಾಯ್ತಿದ್ದರೆ ಅದು ನರಿಯಲ್ಲ. ಕೊಕ್ಕರೆ ರೋಗದಂಥ ಕಾಯಿಲೆ ಇರಬಹುದು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಇವನ್ನ ಮಾತ್ರ ಮಾಡಬೇಡಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಎರಡೂ ಬಗೆಯ ನರಿ ಮೊದಲನೇ ಪರಿಚ್ಛೇದದಲ್ಲಿವೆ. ಹುಲಿ, ಚಿರತೆ ಇರೋ ಪಟ್ಟಿಯೇ ಅದು. ಈ ಪಟ್ಟಿಯ ಪ್ರಾಣಿಯನ್ನ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಕಾಯ್ದೆಯ ಲೆಕ್ಕದಲ್ಲಿ ಕೊಲ್ಲೋದಷ್ಟೇ ಬೇಟೆಯಲ್ಲ. ಉರುಳು ಹಾಕೋದು, ವಿಷ ಇಡೋದು, ಬೋನಿಟ್ಟು ಹಿಡಿಯೋದೂ ಬೇಟೆಯೇ.

ವಿಷ ಹಾಕಿದ ಮಾಂಸ ನರಿಗಿಂತ ಮೊದಲು ಊರ ನಾಯಿಗೆ, ಹದ್ದಿಗೆ ಸಿಗಬಹುದು. ಸಿಡಿಮದ್ದಿನ ಉಂಡೆ ಮೇಯೋ ದನದ ಬಾಯಿಗೆ, ಆಡೋ ಮಕ್ಕಳ ಕೈಗೆ ಸಿಗುತ್ತೆ. ಬೇಲಿಗೆ ನೇರ ಕರೆಂಟ್ ಕೊಟ್ಟರೆ ರಾತ್ರಿ ನೀರು ಕಟ್ಟೋಕೆ ಹೋದ ಮನೆಯೋರೇ ಬಲಿಯಾಗಬಹುದು, ಕ್ರಿಮಿನಲ್ ಕೇಸೂ ಬೀಳುತ್ತೆ. ನರಿ ಕೊಂಬು ಅದೃಷ್ಟ ತರುತ್ತೆ ಅಂತ ಮಾರೋರನ್ನೂ ನಂಬಬೇಡಿ. ನರಿಗೆ ಕೊಂಬೇ ಇಲ್ಲ.

ಕಡಲೆಕಾಯಿ, ರಾಗಿ ಹೊಲದ ಇಲಿಯನ್ನ ದುಡ್ಡಿಲ್ಲದೆ ಕಮ್ಮಿ ಮಾಡೋದು ಇದೇ ನರಿ ಅನ್ನೋದೂ ನೆನಪಿರಲಿ.

ಕಚ್ಚಿದರೆ ತಡ ಮಾಡಬೇಡಿ

ಆರೋಗ್ಯವಾಗಿರೋ ನರಿ ಮನುಷ್ಯರನ್ನ ಕಂಡರೆ ಓಡುತ್ತೆ. ಹಾಡಹಗಲೇ ಹೆದರದೆ ಮೇಲೆ ಬರ್ತಿದ್ದರೆ, ಜೊಲ್ಲು ಸುರಿಸುತ್ತಾ ತೂರಾಡ್ತಿದ್ದರೆ ರೇಬಿಸ್ ಇರಬಹುದು. ಹತ್ತಿರ ಹೋಗಬೇಡಿ, ಮಕ್ಕಳನ್ನ ಒಳಗೆ ಕರೆಯಿರಿ.

ಕಚ್ಚಿದರೆ, ಪರಚಿದರೆ ಗಾಯವನ್ನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟೂ ಡೋಸ್ ಲಸಿಕೆ ಹಾಕಿಸಿಕೊಳ್ಳಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸೋದು ಹೆಚ್ಚುಕಮ್ಮಿ ಅಸಾಧ್ಯ.

ಯಾರಿಗೆ ಫೋನ್ ಮಾಡಬೇಕು?

- ಕಾಡುಪ್ರಾಣಿ ಗಾಯಗೊಂಡಿದ್ದರೆ, ಬಾವಿಗೆ ಬಿದ್ದಿದ್ದರೆ, ಚಿರತೆ ಅನುಮಾನ ಇದ್ದರೆ: ಅರಣ್ಯ ಇಲಾಖೆ ಸಹಾಯವಾಣಿ 1926
- ಕೋಳಿ, ಕುರಿ, ದನದ ಕಾಯಿಲೆ ಮತ್ತು ಚಿಕಿತ್ಸೆಗೆ: ಪಶು ಸಹಾಯವಾಣಿ 1962
- ಬೇಲಿಗೆ ಕರೆಂಟ್ ಹರಿಸಿರೋದು ಕಂಡರೆ: ಹತ್ತಿರದ ಬೆಸ್ಕಾಂ ಕಚೇರಿ ಅಥವಾ ಪೊಲೀಸ್ 112