ಜಿಪ್ಸಮ್ ಗೋಡೆಗೆ ಮೊಳೆ ನಿಲ್ಲಲ್ಲ: ಬಾಡಿಗೆ ರೂಮಿನವರಿಗೆ ಒಂದು ಕೈಪಿಡಿ

ನರಸಾಪುರ, ವೇಮಗಲ್, ಮಾಲೂರಿನ ಫ್ಯಾಕ್ಟರಿಗಳಿಗೆ ಬರುವವರು ಹೆಚ್ಚಿದ ಹಾಗೆ ಸುತ್ತಲಿನ ರೂಮುಗಳು ಸಣ್ಣದಾಗುತ್ತಿವೆ. ನಡುವೆ ಜಿಪ್ಸಮ್ ಬೋರ್ಡ್ ನಿಲ್ಲಿಸಿದರೆ ಒಂದು ರೂಮಿಗೆ ಎರಡು ಬಾಡಿಗೆ. ಮುಳಬಾಗಿಲು, ಶ್ರೀನಿವಾಸಪುರದ ಹಳೇ ಮನೆಗಳಲ್ಲಿ ಕಲ್ಲುಸಂದಿಗೆ ಗೂಟ ಹೊಡೆದು ಬೆಳೆದವರಿಗೆ ಈ ಗೋಡೆ ಹೊಸದು. ಮೊಳೆ ಸಲೀಸಾಗಿ ಇಳಿಯುತ್ತೆ, ಆಮೇಲೆ ಶೆಲ್ಫ್ ಸಮೇತ ಕಳಚಿ ಬೀಳುತ್ತೆ. ಕೆಳಗೆ ಯಾರಾದರೂ ಮಲಗಿದ್ದರೆ ತಲೆಗೆ ಪೆಟ್ಟು, ಇಲ್ಲದಿದ್ದರೆ ಅಡ್ವಾನ್ಸ್‌ಗೆ ಪೆಟ್ಟು.

ಮೊದಲು ಗೋಡೆ ತಟ್ಟಿ ನೋಡಿ. ಡಬಡಬ ಅಂದರೆ ಟೊಳ್ಳು. ಬೋರ್ಡಿನ ದಪ್ಪ ಸಾಮಾನ್ಯವಾಗಿ 12.5 ಮಿ.ಮೀ. ಅಷ್ಟೇ; ಎರಡು ಕಾಗದದ ಪದರದ ನಡುವೆ ಜಿಪ್ಸಮ್. ಹಿಂದೆ ಸುಮಾರು ಎರಡಡಿಗೊಂದು ತಗಡಿನ ಚಾನೆಲ್ ನೆಟ್ಟಗೆ ನಿಂತಿರುತ್ತೆ. ಅದನ್ನು ಹುಡುಕಲು ಸಣ್ಣ ಆಯಸ್ಕಾಂತ ಸಾಕು. ಬೋರ್ಡ್ ಬಿಗಿದ ಸ್ಕ್ರೂ ಇರುವಲ್ಲಿ ಅಂಟಿಕೊಳ್ಳುತ್ತೆ. ಒಂದರ ಕೆಳಗೊಂದು ಸಿಕ್ಕರೆ ಅದೇ ಚಾನೆಲ್. ಭಾರದ್ದೇನಿದ್ದರೂ ಅಲ್ಲಿಗೇ ಬಿಗಿಯಿರಿ, ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಬಳಸಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ತೂತು ಬೇಡ, ಒಳಗೆ ವೈರ್ ಹೋಗಿರುತ್ತೆ.

ಚಾನೆಲ್ ಇಲ್ಲದ ಕಡೆ? ಇಟ್ಟಿಗೆ ಗೋಡೆಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಇಲ್ಲಿ ಸುಮ್ಮನೆ ತಿರುಗುತ್ತೆ. ಕ್ಯಾಲೆಂಡರ್, ಗಡಿಯಾರಕ್ಕೆ ದಪ್ಪ ಎಳೆಯ ಜಿಪ್ಸಮ್ ಆಂಕರ್ ಸಾಕು. ಅದನ್ನು ಕೈಯಲ್ಲೇ ತಿರುಗಿಸಿ, ಮೆಷಿನ್ ಜೋರಾದರೆ ತೂತು ಪುಡಿಯಾಗುತ್ತೆ. (ಊರಿಂದ ತಂದ ಮಾವಿನ ಚೀಲ ಮಾತ್ರ ಅದಕ್ಕೆ ತೂಗುಹಾಕಬೇಡಿ.) ಕನ್ನಡಿಗೆ, ಬಾಬಾಸಾಹೇಬರ ದೊಡ್ಡ ಫ್ರೇಮಿಗೆ ಬೇಕಿರೋದು ಸ್ಕ್ರೂ ಬಿಗಿದಂತೆ ಗೋಡೆಯ ಹಿಂದೆ ಛತ್ರಿಯಂತೆ ಅರಳುವ ಲೋಹದ ಆಂಕರ್. ಅದಕ್ಕೂ ಭಾರದ್ದಕ್ಕೆ ಸ್ಪ್ರಿಂಗ್ ರೆಕ್ಕೆಯ ಟಾಗಲ್ ಬೋಲ್ಟ್. ಆದರೆ ಅದರ ತೂತು ದೊಡ್ಡದು, ಬೋಲ್ಟ್ ಬಿಚ್ಚಿದರೆ ರೆಕ್ಕೆ ಗೋಡೆಯೊಳಗೇ ಬೀಳುತ್ತೆ.

ಪ್ಯಾಕೆಟ್ ಮೇಲೆ ಬರೆದ ಕೆ.ಜಿ.ಯಲ್ಲಿ ನಾನು ಕಾಲು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡೀತೀನಿ. ಫ್ರೇಮು ಕೆಳಕ್ಕೆ ಜಗ್ಗುತ್ತೆ, ಮುಂದಕ್ಕೆ ಚಾಚಿದ ಶೆಲ್ಫ್ ಆಂಕರನ್ನೇ ಹೊರಕ್ಕೆ ಕೀಳುತ್ತೆ. ಕೆಎಎಸ್‌ಗೆ ಓದುವವರ ಮೂರಡಿ ಉದ್ದದ ಪುಸ್ತಕದ ಸಾಲು 20 ಕೆ.ಜಿ. ದಾಟೋದು ದೊಡ್ಡ ಮಾತಲ್ಲ. ಅದು ನೆಲದ ಮೇಲಿನ ರ‍್ಯಾಕ್‌ನಲ್ಲೇ ಇರಲಿ. ತೇವ ಹಿಡಿದ ಬೋರ್ಡಿಗೆ ಯಾವ ಆಂಕರೂ ನಿಲ್ಲಲ್ಲ.

ಇನ್ನು ದುಡ್ಡಿನ ವಿಷಯ. ತೂತು ಹಾಕುವ ಮುಂಚೆ ಓನರ್‌ನ ವಾಟ್ಸಾಪ್‌ನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ, ಗೋಡೆಯ ಫೋಟೊ ತೆಗೆದಿಡಿ. ಸಣ್ಣ ತೂತು ಪುಟ್ಟಿಯಲ್ಲಿ ಮುಚ್ಚಿಹೋಗುತ್ತೆ. ಅದಕ್ಕೆ ತಿಂಗಳ ಬಾಡಿಗೆ ಮುರಿದುಕೊಳ್ಳೋದು ನನ್ನ ಪ್ರಕಾರ ವಸೂಲಿ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತೆ. ಆದರೆ ಅದು ಬರೀ ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಜಾರಿ. ಪಾರ್ಟಿಷನ್ ಇನ್ನೂ ಕಟ್ಟುತ್ತಿದ್ದರೆ, ಬೋರ್ಡ್ ಮುಚ್ಚುವ ಮೊದಲೇ ಚಾನೆಲ್‌ಗಳ ನಡುವೆ ಎದೆಮಟ್ಟಕ್ಕೊಂದು, ತಲೆಮಟ್ಟಕ್ಕೊಂದು ಪ್ಲೈವುಡ್ ಪಟ್ಟಿ ಕೂರಿಸಿ ಅಂತ ಓನರ್‌ಗೆ ಹೇಳಿ. ಆಗ ಮಾಮೂಲಿ ಮರದ ಸ್ಕ್ರೂ ಕೂಡ ಗಟ್ಟಿಯಾಗಿ ನಿಲ್ಲುತ್ತೆ.